ಪೋಲೊ ಜಿಟಿಗೆ ಐಬಾಕ್ ಪ್ರೊ-ಕಿಟ್ ಸ್ಪ್ರಿಂಗ್: ತುಮಕೂರಿನ ರಸ್ತೆಗಳಲ್ಲಿ ಮೂರು ವರ್ಷ ಓಡಿಸಿದ ಮೇಲೆ

ಲೋಯರಿಂಗ್ ಸ್ಪ್ರಿಂಗ್, ಅಂದರೆ ಗಾಡಿಯನ್ನು ತಗ್ಗಿಸಲು ಹಾಕುವ ಸ್ಪ್ರಿಂಗ್, ಕೊಳ್ಳುವವರಿಗೆ ಮೊದಲೇ ಒಂದು ಮಾತು. "30 ಮಿ.ಮೀ. ಇಳಿಯುತ್ತದೆ" ಅಂತ ಬರೆದಿದ್ದರೆ ಅದನ್ನು ನಮ್ಮ ಗಾಡಿಗೆ ಹಾಗೇ ಲೆಕ್ಕ ಹಾಕಬೇಡಿ. ಗಾಡಿ ಯಾವ ಎತ್ತರದಲ್ಲಿ ನಿಲ್ಲಬೇಕು ಅನ್ನುವುದನ್ನು ಸ್ಪ್ರಿಂಗ್ ತೀರ್ಮಾನ ಮಾಡುತ್ತದೆ. ಎಷ್ಟು ಇಳಿಯಿತು ಅನ್ನುವುದು ಮೊದಲು ಎಷ್ಟು ಎತ್ತರ ಇತ್ತು ಅನ್ನುವುದಕ್ಕೆ ಬಿಟ್ಟದ್ದು. ನಾನು ಹಾಕಿಸಿದ ಪ್ರೊ-ಕಿಟ್ ಸ್ಪ್ರಿಂಗ್ ಮಾಡುವ ಐಬಾಕ್ ಜರ್ಮನಿಯ ಕಂಪನಿ. ಅವರ ಲೆಕ್ಕ ಯುರೋಪಿನ ಪೋಲೊ ಎತ್ತರದಿಂದ ಶುರುವಾಗುತ್ತದೆ. ನಮ್ಮ ದೇಶಕ್ಕೆ ಬಂದ ಪೋಲೊವನ್ನು ಫೋಕ್ಸ್‌ವ್ಯಾಗನ್‌ನವರು ಇಲ್ಲಿನ ರಸ್ತೆ ನೋಡಿ ಎತ್ತರಿಸಿಯೇ ಕೊಟ್ಟಿದ್ದರು. ಹಾಗಾಗಿ ಅದೇ ಸ್ಪ್ರಿಂಗ್ ಇಲ್ಲಿ ಜಾಸ್ತಿ ಇಳಿಸುತ್ತದೆ.

ನನ್ನದು 1.2 ಲೀಟರ್ ಜಿಟಿ ಟಿಎಸ್‌ಐ. 105 ಪಿಎಸ್ ಶಕ್ತಿಯ ಪೆಟ್ರೋಲ್ ಇಂಜಿನ್, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಸ್ಪೋರ್ಟ್ಸ್ ಕಾರ್ ಅಂತ ಕರೆಯುವುದು ಸ್ವಲ್ಪ ದೊಡ್ಡ ಮಾತಾದರೂ ಇಂಜಿನ್‌ಗೆ ಆ ಹುರುಪು ಇದೆ. ಕೊರತೆ ಇದ್ದದ್ದು ತಿರುವಿನಲ್ಲಿ. ದೇವರಾಯನದುರ್ಗದ ಏರಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಬಾಡಿ ಮೊದಲು ಒಂದು ಕಡೆಗೆ ವಾಲಿ, ಆಮೇಲೆ ಗಾಡಿ ತಿರುಗುತ್ತಿತ್ತು. ಅದಕ್ಕೇ ಸ್ಪ್ರಿಂಗ್ ಹುಡುಕಲು ಹೊರಟೆ.

ಹೊಸ ಸೆಟ್ ತರಿಸುವ ಮೊದಲು ಬೆಂಗಳೂರಿನವರೊಬ್ಬರು ಸೆಕೆಂಡ್ ಹ್ಯಾಂಡ್ ಸೆಟ್ ಕೊಡುತ್ತೇನೆ ಅಂದರು. "ಐಬಾಕೇ ಸಾರ್, ಪೇಂಟ್ ಹೋಗಿದೆ ಅಂತ ಕಪ್ಪು ಹೊಡೆಸಿದ್ದೀನಿ" ಅಂದರು. ಸ್ಪ್ರಿಂಗ್ ಕೈಗೆ ಬಂದಾಗ ಮೊದಲು ಕೊನೆಯ ಸುತ್ತನ್ನು ನೋಡಿದೆ. ಕಂಬಿಯ ತುದಿಯಲ್ಲಿ ಗ್ರೈಂಡರ್ ಚಕ್ರ ಎಳೆದ ಗೆರೆಗಳು ಹೊಸ ಪೇಂಟಿನ ಅಡಿಯಲ್ಲೂ ಬೆರಳಿಗೆ ಸಿಗುತ್ತಿದ್ದವು. ಒಂದು ಕಡೆ ಕಬ್ಬಿಣ ಬಿಸಿಯಾಗಿ ನೀಲಿಗೆ ತಿರುಗಿತ್ತು. ಅದು ಫೋಕ್ಸ್‌ವ್ಯಾಗನ್ ಕಂಪನಿಯ ಮಾಮೂಲಿ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿದ್ದು. ವಾಪಸ್ ಕೊಟ್ಟೆ.

ಕತ್ತರಿಸಿದ ಸ್ಪ್ರಿಂಗ್ ಯಾಕೆ ಬೇಡ ಅಂದರೆ, ತುದಿ ತನ್ನ ಸೀಟಿನಲ್ಲಿ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ, ಸರಿಯಾಗಿ ಕೂರುವುದಿಲ್ಲ. ಚಕ್ರ ಗಾಳಿಯಲ್ಲಿ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಜೊತೆಗೆ ಕೆಲಸ ಮಾಡುವ ಸುತ್ತು ಆರಿದ್ದದ್ದು ಐದಾದರೆ ಬಿಗಿತ ಶೇ. 20 ಏರುತ್ತದೆ. ಇಳಿಸಿದವರು ಆ ಲೆಕ್ಕ ಹಾಕಿರುವುದಿಲ್ಲ.

ಇನ್ನು ಅಸಲಿ ಸ್ಪ್ರಿಂಗ್ ಗುರುತಿಸುವುದು. ಐಬಾಕ್ ಸ್ಪ್ರಿಂಗ್ ಮೇಲೆ ಪಾರ್ಟ್ ನಂಬರ್ ಅಚ್ಚಾಗಿರುತ್ತದೆ. ಪ್ರೊ-ಕಿಟ್ ಸೆಟ್‌ನ ನಂಬರ್ ಇ10 ಅಂತ ಶುರುವಾಗುತ್ತದೆ. ಇನ್ನೂ ಕೆಳಗೆ ಇಳಿಸುವ ಸ್ಪೋರ್ಟ್‌ಲೈನ್ ಇ20. ಅದರ ನಂತರದ 85 ಅಂದರೆ ಫೋಕ್ಸ್‌ವ್ಯಾಗನ್. ಸ್ಪ್ರಿಂಗ್ ಮೇಲೆ ವಿಎ ಅಂತಿದ್ದರೆ ಮುಂದಿನ ಚಕ್ರದ್ದು, ಎಚ್‌ಎ ಅಂತಿದ್ದರೆ ಹಿಂದಿನ ಚಕ್ರದ್ದು. ಗಾಡಿಯ ಜೊತೆ ಕಂಪನಿಯಿಂದಲೇ ಬಂದ ಸ್ಪ್ರಿಂಗ್‌ನಲ್ಲಿ ಬಣ್ಣದ ಚುಕ್ಕೆಗಳಿರುತ್ತವೆ. ಅವು ಯಾವ ತೂಕದ ಗಾಡಿಗೆ ಅಂತ ಹೇಳುವ ಗುರುತು. ಡೀಸೆಲ್ ಇಂಜಿನ್ ಭಾರ ಜಾಸ್ತಿ, ಅಲ್ವಾ? ಡೀಸೆಲ್ ಪೋಲೊದ ಮುಂದಿನ ಸ್ಪ್ರಿಂಗನ್ನು ಪೆಟ್ರೋಲ್ ಗಾಡಿಗೆ ಹಾಕಿದರೆ ಮೂತಿ ಎದ್ದು ನಿಲ್ಲುತ್ತದೆ. ಹಳೇ ಗಾಡಿ ಕೊಂಡವರು ಇದನ್ನೊಮ್ಮೆ ನೋಡಿಕೊಳ್ಳಿ.

ನಂಬರ್ ಅಳಿಸಿ ಹೋಗಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ಕಂಬಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ, ಈ ಮೂರು ಸಾಕು. ಇದರಲ್ಲಿ ದಪ್ಪದ್ದೇ ದೊಡ್ಡ ಪಾತ್ರ. ಬಿಗಿತ ಅದರ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 12 ಮಿ.ಮೀ. ಕಂಬಿ 12.5 ಆದರೆ, ಬೇರೆಲ್ಲ ಹಾಗೇ ಇದ್ದರೂ, ಸ್ಪ್ರಿಂಗ್ ಸುಮಾರು ಶೇ. 18 ಗಟ್ಟಿಯಾಗುತ್ತದೆ. ಕಣ್ಣಿಗೆ ಆ ಅರ್ಧ ಮಿ.ಮೀ. ಕಾಣಿಸುವುದೇ ಇಲ್ಲ. ಪೇಂಟ್ ದಪ್ಪಗಿದ್ದರೆ ಅದೂ ಅಳತೆಗೆ ಸೇರಿಬಿಡುತ್ತದೆ. ಆದ್ದರಿಂದ ಪೇಂಟ್ ಎದ್ದ ಜಾಗದಲ್ಲೇ ಅಳೆಯಿರಿ. ಒಂದು ತುದಿಯಲ್ಲಿ ಸುತ್ತುಗಳು ಒತ್ತೊತ್ತಾಗಿದ್ದರೆ ಅದು ಪ್ರೋಗ್ರೆಸಿವ್ ಸ್ಪ್ರಿಂಗ್. ಒತ್ತಿಕೊಂಡಷ್ಟೂ ಆ ಸುತ್ತುಗಳು ಒಂದಕ್ಕೊಂದು ತಾಗಿ ಸ್ಪ್ರಿಂಗ್ ಗಟ್ಟಿಯಾಗುತ್ತಾ ಹೋಗುತ್ತದೆ. ಪ್ರೊ-ಕಿಟ್ ಈ ಜಾತಿಯದು.

ಫಿಟ್ಟಿಂಗ್ ಆಗಿದ್ದು ಗುಬ್ಬಿ ಗೇಟ್ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ. ಅಲ್ಲಿನ ಮೆಕ್ಯಾನಿಕ್ ಒಳ್ಳೆಯ ಕೆಲಸಗಾರ. ಎಲ್ಲಾ ಬಿಗಿದು ಮುಗಿಸುವ ಹೊತ್ತಿಗೆ, "ಅಣ್ಣಾ, ಕೆಳಗಿನ ಆರ್ಮ್ ಬೋಲ್ಟ್ ಈಗ್ಲೇ ಫುಲ್ ಟೈಟ್ ಮಾಡ್ಬೇಡಿ, ಗಾಡಿ ಚಕ್ರದ ಮೇಲೆ ನಿಂತ ಮೇಲೆ ಮಾಡಿ" ಅಂದೆ. "ಗೊತ್ತು ಸಾರ್, ಬುಷ್ ತಿರುಚ್ಕೊಂಡುಬಿಡತ್ತೆ" ಅಂದರು. ಕೇಳಿ ನೆಮ್ಮದಿಯಾಯಿತು. ಚಕ್ರವನ್ನು ಹಿಡಿದಿರುವ ಆರ್ಮ್‌ನ ಕೀಲಿನಲ್ಲಿರುವ ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತಾಡುವಾಗ ಬೋಲ್ಟ್ ಬಿಗಿದರೆ, ಗಾಡಿ ಇಳಿದ ಕೂಡಲೇ ಬುಷ್ ತಿರುಚಿಕೊಂಡೇ ಇರುತ್ತದೆ. ಆಗ ಎತ್ತರವೂ ತಪ್ಪು ಬರುತ್ತದೆ, ರಬ್ಬರೂ ಬೇಗ ಹರಿಯುತ್ತದೆ.

ಎತ್ತರ ಅಳೆಯುವಾಗ ನೆಲದಿಂದ ಅಳೆಯಬೇಡಿ. ಟಯರ್ ಸವೆದರೂ ಗಾಳಿ ಕಡಿಮೆಯಾದರೂ ಅಳತೆ ಬದಲಾಗುತ್ತದೆ. ಚಕ್ರದ ನಡುಮಧ್ಯದಿಂದ ನೇರ ಮೇಲೆ ಫೆಂಡರ್ (ಚಕ್ರದ ಮೇಲಿನ ಬಾಡಿ) ಅಂಚಿಗೆ ಟೇಪ್ ಹಿಡಿಯಿರಿ. ನನ್ನ ಗಾಡಿಯಲ್ಲಿ ಮುಂದೆ 38 ಸೆಂ.ಮೀ. ಇದ್ದದ್ದು ಕೆಲವು ವಾರ ಓಡಿದ ಮೇಲೆ 33.8ಕ್ಕೆ ಬಂದು ನಿಂತಿತು. ಅಂದರೆ 42 ಮಿ.ಮೀ. ಇಳಿಕೆ. ಇದನ್ನು ಸ್ಪ್ರಿಂಗ್‌ನ ದೋಷ ಅನ್ನಲಾಗದು. ಅದು ತನ್ನ ಲೆಕ್ಕದ ಎತ್ತರಕ್ಕೇ ಬಂದಿದೆ. ಅಲ್ಲಿಂದ ಇವತ್ತಿನವರೆಗೆ ಹೆಚ್ಚೂಕಡಿಮೆ ಅಷ್ಟೇ ಇದೆ. ಈ ವಿಷಯದಲ್ಲಿ ಐಬಾಕ್‌ಗೆ ಪೂರ್ತಿ ಅಂಕ.

ಓಡಿಸಲು ಹೇಗಿದೆ? ದೇವರಾಯನದುರ್ಗದ ತಿರುವಿನಲ್ಲಿ ಈಗ ಕೈ ತಿರುಗಿದ ಕ್ಷಣವೇ ಮೂತಿ ತಿರುಗುತ್ತದೆ. ಬ್ರೇಕ್ ಹಾಕಿದರೆ ಮುಂದಕ್ಕೆ ಮುಗ್ಗರಿಸುವುದು ಕಡಿಮೆ. ಹೆದ್ದಾರಿ 48ರಲ್ಲಿ ಲಾರಿ ಪಕ್ಕ ಹಾದು ಹೋಗುವಾಗ ಗಾಡಿ ಅಲುಗುವುದಿಲ್ಲ. ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಅಂತ ಹೊರಟವನು ಸುಮ್ನೆ ಇನ್ನೊಂದು ಸುತ್ತು ಹೊಡೆದು ಬರುವಷ್ಟು ಖುಷಿ ಇದೆ.

ಕಷ್ಟ ಇರುವುದು ಹಂಪ್‌ಗಳಲ್ಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಹಂಪ್ 3.7 ಮೀ. ಅಗಲ, 10 ಸೆಂ.ಮೀ. ಎತ್ತರ. ಪೋಲೊದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.5 ಮೀ. ಒಳಗೇ ಇದೆ. ಹಾಗಾಗಿ ಅಂಥ ಹಂಪ್ ಮೇಲೆ ಇಡೀ ಗಾಡಿ ಹತ್ತಿ ಇಳಿಯುತ್ತದೆ, ಹೊಟ್ಟೆಗೆ ಏನೂ ಆಗುವುದಿಲ್ಲ. ಊರೂರಲ್ಲಿ ರಾತ್ರೋರಾತ್ರಿ ಏಳುವ ಕಿರಿದಾದ, ಚೂಪಾದ ಹಂಪ್‌ಗಳು ಮಾತ್ರ ಎರಡು ಚಕ್ರದ ನಡುವೆ ಬಂದು ಹೊಟ್ಟೆ ಸವರುತ್ತವೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಬೇಕು. ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಲಗೇಜ್ ಇದ್ದರೆ ಹೊಂಡದಲ್ಲಿ ಸಸ್ಪೆನ್ಷನ್ ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗೆ ತಾಗಿ ದಡ್ ಅನ್ನುತ್ತದೆ. ನಮ್ಮಮ್ಮ ಈಗ ಮುಂದಿನ ಸೀಟ್ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ.

ಇಳಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಎತ್ತರ ಬದಲಾದರೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಬದಲಾಗುತ್ತದೆ, ಹಾಗೇ ಬಿಟ್ಟರೆ ಟಯರ್‌ನ ಒಳಗಿನ ಅಂಚು ಬೇಗ ಸವೆಯುತ್ತದೆ. ಪೋಲೊದಲ್ಲಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ತಿದ್ದಲು ಹೆಚ್ಚು ಅವಕಾಶ ಇಲ್ಲ, ಟೋ ಮಾತ್ರ ಸರಿ ಮಾಡಬಹುದು. ಹೆಡ್‌ಲೈಟ್ ಮಟ್ಟವನ್ನೂ ಒಮ್ಮೆ ನೋಡಿಸಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಕೇಳಿಯೇ ಮುಂದುವರಿಯಿರಿ. ಹಳೇ ಸ್ಪ್ರಿಂಗ್ ಮಾರಬೇಡಿ, ಮತ್ತೆ ಹಾಕಬೇಕಾಗಿ ಬರಬಹುದು.

ಮನೆಯಲ್ಲಿ ಇದೊಂದೇ ಕಾರು, ಹಳ್ಳಿ ದಾರಿಯಲ್ಲೇ ದಿನಾ ಓಡಾಟ ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ಒಬ್ಬರೋ ಇಬ್ಬರೋ ಓಡಾಡುವವರು, ತಿರುವು ಇಷ್ಟಪಡುವವರು ಧೈರ್ಯವಾಗಿ ಹಾಕಿಸಬಹುದು. ನನ್ನ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್‌ನಲ್ಲಿ ಈಗ ಎಣ್ಣೆ ಒಸರಲು ಶುರುವಾಗಿದೆ. ಅವು ಹಳೆಯವು, ಎತ್ತರದ ಸ್ಪ್ರಿಂಗ್‌ಗೆ ಅಂತ ಮಾಡಿದವು. ಮುಂದಿನ ಸಲ ಇಳಿಸಿದ ಗಾಡಿಗೆಂದೇ ಗಿಡ್ಡ ಮಾಡಿರುವ ಬಿಲ್‌ಸ್ಟೈನ್ ಬಿ8 ಹಾಕಿಸಬೇಕು ಅಂತಿದ್ದೇನೆ. ಸ್ಪ್ರಿಂಗ್ ಮಾತ್ರ ಇವೇ ಇರುತ್ತವೆ.