ಪಿಆರ್‌ಐ ಲೈನ್ ಸತ್ತರೆ, ಕಾರ್ಡ್ ಬದಲಿಸುವ ಮುಂಚೆ ಕರ್ನಲ್ ನೋಡಿ

ಆಸ್ಟರಿಸ್ಕ್ (ಫೋನ್ ಎಕ್ಸ್‌ಚೇಂಜ್ ಕೆಲಸ ಮಾಡುವ ಸಾಫ್ಟ್‌ವೇರ್) ಹಾಕಿದ ಲಿನಕ್ಸ್ ಸರ್ವರ್‌ಗೆ ಪಿಆರ್‌ಐ ಲೈನ್ (ಟೆಲಿಕಾಂ ಕಂಪನಿ ಕೊಡುವ, ಒಟ್ಟಿಗೆ ಹಲವು ಕಾಲ್ ಹೋಗುವ ಡಿಜಿಟಲ್ ಲೈನ್) ಕೊಟ್ಟು ಫೋನ್ ನಡೆಸುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನು ಫೋನ್ ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ಪೂರ್ತಿ ಲೈನ್ ನಿಂತುಹೋಯಿತು. ಒಳಗಿನ ಎಕ್ಸ್‌ಟೆನ್ಷನ್‌ಗಳೆಲ್ಲ ಸರಿಯಿದ್ದವು, ಹೊರಗಿನಿಂದ ಮಾತ್ರ ಒಂದು ಕಾಲೂ ಬರುತ್ತಿರಲಿಲ್ಲ. ಪಿಆರ್‌ಐನಲ್ಲಿ ಒಂದೇ ಕೇಬಲ್ ಮೇಲೆ 30 ಚಾನಲ್ ಇರುತ್ತವೆ, ಹೋದರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಫೋನ್ ಯಾಕೆ ಎತ್ತಲ್ಲ ಅಂತ ರೋಗಿಗಳ ಮನೆಯವರು ಕೌಂಟರ್‌ಗೆ ಬಂದು ಕೇಳುತ್ತಿದ್ದರು.

ಟೆಲಿಕಾಂ ಕಂಪನಿಯವರು "ನಮ್ಮ ಕಡೆ ಸರಿಯಿದೆ, ನಿಮ್ಮ ಸಿಸ್ಟಮ್‌ನಿಂದ ಸಿಗ್ನಲ್ ಬರ್ತಿಲ್ಲ" ಅಂದರು. ಸರ್ವರ್ ಹಾಕಿಕೊಟ್ಟವರ ಕಡೆಯ ಟೆಕ್ನಿಷಿಯನ್ ಬಂದರು. ಸರ್ವರ್‌ನಲ್ಲಿ ಪಿಆರ್‌ಐ ಕೇಬಲ್ ಸೇರುವ ಕಾರ್ಡಿನ ಲೈಟ್ ಹತ್ತಿಲ್ಲ ಅಂತ ನೋಡಿದವರೇ "ಕಾರ್ಡ್ ಸುಟ್ಟಿದೆ ಸಾರ್, ಹೊಸದು ಹಾಕ್ಬೇಕು" ಅಂದುಬಿಟ್ಟರು. ಸಂಜೆಯೊಳಗೆ ಕೊಟೇಶನ್ನೂ ಬಂತು. ಒಂದೇ ಒಂದು ಕಮಾಂಡ್ ಹೊಡೆದು ನೋಡಿರಲಿಲ್ಲ. ಆಸ್ಪತ್ರೆಯ ದುಡ್ಡು ಹೀಗೆ ಸುಮ್ನೆ ಹೋಗುತ್ತಿತ್ತಲ್ಲ ಅಂತ ಈಗಲೂ ಸಿಟ್ಟು ಬರುತ್ತದೆ.

ಅವರು ಹೋದ ಮೇಲೆ ನಾನು ಆಸ್ಟರಿಸ್ಕ್ ಒಳಗೆ 'ಪಿಆರ್‌ಐ ಶೋ ಸ್ಪಾನ್ಸ್' (ಲೈನ್ ಸ್ಥಿತಿ ತೋರಿಸುವ ಕಮಾಂಡ್) ಕೊಟ್ಟೆ. ಅಂಥ ಕಮಾಂಡೇ ಇಲ್ಲ ಅಂತ ಬಂತು. ಲೈನ್ ಡೌನ್ ಆಗಿದ್ದರೆ 'ಡೌನ್' ಅಂತ ತೋರಿಸಬೇಕಿತ್ತು. ಕಮಾಂಡೇ ಇಲ್ಲ ಅಂದರೆ ಕಾರ್ಡ್ ಜೊತೆ ಆಸ್ಟರಿಸ್ಕ್ ಮಾತಾಡಲು ಬೇಕಾದ ಚಾನಲ್ ಡ್ರೈವರ್ ಲೋಡ್ ಆಗಿಲ್ಲ ಅಂತ ಅರ್ಥ. 'ಎಲ್‌ಎಸ್‌ಪಿಸಿಐ' ಕೊಟ್ಟರೆ ಸರ್ವರ್‌ನಲ್ಲಿರುವ ಕಾರ್ಡ್‌ಗಳ ಪಟ್ಟಿಯಲ್ಲಿ ನಮ್ಮ ಕಾರ್ಡ್ ಕಾಣುತ್ತಿತ್ತು. 'ಮಾಡ್‌ಪ್ರೋಬ್' ಕಮಾಂಡಿನಿಂದ ಡ್ರೈವರ್ ಲೋಡ್ ಮಾಡಲು ಹೋದರೆ ಡಾಹ್ಡಿ (ಆ ಕಾರ್ಡ್ ನಡೆಸುವ ಡ್ರೈವರ್) ಮಾಡ್ಯೂಲ್ ಸಿಗುತ್ತಿಲ್ಲ ಅಂತ ಹೇಳಿತು. ಅಲ್ಲಿಗೆ ಗೊತ್ತಾಯಿತು. ರಾತ್ರಿ ಆಟೋಮ್ಯಾಟಿಕ್ ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಬಂದು, ಸರ್ವರ್ ರೀಬೂಟ್ ಆಗಿತ್ತು. ಡಾಹ್ಡಿ ಕರ್ನಲ್ ಜೊತೆ ಬರುವುದಿಲ್ಲ, ಪ್ರತಿ ಕರ್ನಲ್‌ಗೂ ಬೇರೆಯಾಗಿ ಕಂಪೈಲ್ ಆಗಬೇಕು. ಹೊಸ ಕರ್ನಲ್‌ಗೆ ಯಾರೂ ಮಾಡಿರಲಿಲ್ಲ. ಡ್ರೈವರ್ ಇಲ್ಲದ ಕಾರ್ಡ್ ಸಿಗ್ನಲ್ ಎಲ್ಲಿಂದ ಕಳಿಸುತ್ತೆ? ಕಂಪನಿಯವರು ಹೇಳಿದ್ದು ಸರಿಯೇ ಇತ್ತು.

ಸರ್ವರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿ ಬೂಟ್ ಮಾಡಿದೆ. ಲೈಟ್ ಹಸಿರಾಯಿತು, ಸ್ಪಾನ್ (ಅಂದರೆ ಪಿಆರ್‌ಐ ಲೈನ್) 'ಅಪ್' ಆಯಿತು, ಕಾಲ್ ಬರತೊಡಗಿದವು.

ನಿಮ್ಮಲ್ಲೂ ಹೀಗಾದರೆ ಮೊದಲು 'ಯುನೇಮ್ -ಆರ್' ಕೊಟ್ಟು ಕರ್ನಲ್ ಬದಲಾಗಿದೆಯಾ ನೋಡಿ. ಡ್ರೈವರ್ ಲೋಡ್ ಆಗಿದ್ದೂ ಲೈನ್ ಇಲ್ಲ ಅಂದರೆ ಆಗ ಡಾಹ್ಡಿ ತೋರಿಸುವ ಅಲಾರಂ ನೋಡಬೇಕು. ರೆಡ್ ಇದ್ದರೆ ಆ ಕಡೆಯ ಸಿಗ್ನಲ್ ನಮಗೆ ಬರುತ್ತಿಲ್ಲ. ಯೆಲ್ಲೋ ಇದ್ದರೆ ನಮ್ಮ ಸಿಗ್ನಲ್ ಅವರಿಗೆ ಸಿಗುತ್ತಿಲ್ಲ. ಪಿಆರ್‌ಐ ಬರುವ ಇ1 ಕೇಬಲ್‌ನಲ್ಲಿ ಕೆಲಸ ಮಾಡುವುದು 1, 2, 4, 5ನೇ ಪಿನ್‌ಗಳು. ನೆಟ್‌ವರ್ಕ್‌ಗೆ ಮಾಡಿಟ್ಟ ಕ್ರಾಸ್ ಕೇಬಲ್ ಇಲ್ಲಿ ನಡೆಯಲ್ಲ.

ಇನ್ನೊಂದು ವಿಷಯ. ಡಾಹ್ಡಿ ಕಾನ್ಫಿಗ್ ಫೈಲನ್ನು ಯಾರಾದರೂ "ಹೊಸದಾಗಿ ಜನರೇಟ್ ಮಾಡ್ತೀನಿ" ಅಂದರೆ ಮೊದಲು ಒಂದು ಕಾಪಿ ತೆಗೆದಿಡಿ. ಸಿಆರ್‌ಸಿ4 (ಲೈನಿನಲ್ಲಿ ತಪ್ಪು ಪತ್ತೆ ಮಾಡುವ ಸೆಟ್ಟಿಂಗ್) ಇರಬೇಕೋ ಬೇಡವೋ ಅನ್ನುವುದು ಕಂಪನಿ ಲೈನ್ ಹೇಗೆ ಕೊಟ್ಟಿದೆ ಅನ್ನುವುದರ ಮೇಲೆ ಹೋಗುತ್ತದೆ. ಅದು ತಪ್ಪಿದರೆ ಸರಿಯಿದ್ದ ಲೈನೂ ಕೆಡುತ್ತದೆ. ಕ್ಲಾಕ್ (ಸಿಗ್ನಲ್‌ನ ಟೈಮಿಂಗ್) ಕೂಡ ಕಂಪನಿ ಕಡೆಯಿಂದಲೇ ತೆಗೆದುಕೊಳ್ಳಬೇಕು.

ನಾವೀಗ ಕರ್ನಲ್ ಪ್ಯಾಕೇಜನ್ನು ತಾನಾಗೇ ಅಪ್‌ಡೇಟ್ ಆಗದಂತೆ ಹೋಲ್ಡ್‌ನಲ್ಲಿ ಇಟ್ಟಿದ್ದೇವೆ. ಬೇಕಾದಾಗ ಜನ ಕಡಿಮೆ ಇರುವ ಹೊತ್ತು ನೋಡಿ, ನಾವೇ ಪಕ್ಕದಲ್ಲಿ ಕೂತು ಅಪ್‌ಡೇಟ್ ಮಾಡುತ್ತೇವೆ. ಡಿಕೆಎಂಎಸ್ ಅನ್ನುವ ಟೂಲ್ ಹಾಕಿದರೆ ಹೊಸ ಕರ್ನಲ್ ಬಂದಾಗ ಮಾಡ್ಯೂಲ್ ತಾನಾಗೇ ಕಂಪೈಲ್ ಆಗುತ್ತದೆ, ನಿಜ. ಆದರೆ ಹಳೇ ಡಾಹ್ಡಿ ತೀರಾ ಹೊಸ ಕರ್ನಲ್ ಮೇಲೆ ಕಂಪೈಲ್ ಆಗದೇ ಹೋಗಬಹುದು. ಡಾಹ್ಡಿ 3.0ರಲ್ಲಿ ಕೆಲವು ಹಳೇ ಕಾರ್ಡ್‌ಗಳ ಡ್ರೈವರನ್ನೇ ತೆಗೆದಿದ್ದಾರೆ, ಹಾಗಾಗಿ ನಿಮ್ಮ ಕಾರ್ಡ್ ಅದರಲ್ಲಿದೆಯಾ ನೋಡಿಕೊಂಡೇ ಮುಂದುವರಿಯಿರಿ. ಹಳೇ ಕರ್ನಲ್ ಮಾತ್ರ ಡಿಲೀಟ್ ಮಾಡಬೇಡಿ. ಲೈನ್ ಸತ್ತಾಗ ಮುಖ್ಯ ನಂಬರನ್ನು ಮೊಬೈಲ್‌ಗೆ ತಿರುಗಿಸಿಕೊಡಲು ಆಗುತ್ತದಾ, ಅದಕ್ಕೆ ಯಾರನ್ನು ಕೇಳಬೇಕು ಅಂತ ಟೆಲಿಕಾಂ ಕಂಪನಿಯವರ ಹತ್ತಿರ ಇವತ್ತೇ ವಿಚಾರಿಸಿ, ರಿಸೆಪ್ಶನ್‌ನಲ್ಲಿ ಬರೆದು ಅಂಟಿಸಿ.