ಶಿಯಾನ್‌ನಲ್ಲಿ ಎರಡು ದಿನ: ಮಣ್ಣಿನ ಸೈನ್ಯವೋ, ಕೋಟೆ ಗೋಡೆಯೋ?

ನಾನು ಚೀನಾದ ಝೆಂಗ್‌ಝೌನಲ್ಲಿ ಮೆಡಿಕಲ್ ಓದುತ್ತಿದ್ದೇನೆ. ಅಲ್ಲಿಂದ ಶಿಯಾನ್‌ಗೆ ಹೈಸ್ಪೀಡ್ ರೈಲಿನಲ್ಲಿ ಎರಡು-ಎರಡೂವರೆ ಗಂಟೆ. ಪರೀಕ್ಷೆ ಮುಗಿದ ವಾರ ನಾನು ಮತ್ತು ಮಂಡ್ಯದ ನನ್ನ ರೂಮ್‌ಮೇಟ್ ಹೊರಟುಬಿಟ್ಟೆವು. ನೋಡಬೇಕಾದ್ದು ರಾಶಿ, ಇದ್ದದ್ದು ಶನಿವಾರ, ಭಾನುವಾರ ಮಾತ್ರ. ನಿಮಗೂ ಎರಡೇ ದಿನ ಇದ್ದರೆ ಯಾವುದಕ್ಕೆ ಜಾಸ್ತಿ ಹೊತ್ತು ಕೊಡಬೇಕು ಅಂತ ಹೇಳುತ್ತೇನೆ.

ಎಲ್ಲರೂ ಮೊದಲು ಹೇಳುವುದು ಮಣ್ಣಿನ ಸೈನ್ಯ, ಅಂದರೆ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಗೆ ಕಾವಲಾಗಿ ಹೂಳಿದ ಸುಟ್ಟ ಮಣ್ಣಿನ ಸೈನಿಕರು. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು. ಟಿಕೆಟ್ 120 ಯುವಾನ್. ಊರಿಂದ ದೂರ ಇದೆ, ಅರ್ಧ ದಿನ ಪೂರ್ತಿ ಹೋಗುತ್ತದೆ. ನಮಗಂತೂ ಇನ್ನೂ ಜಾಸ್ತಿ ಹೋಯಿತು. ರೈಲ್ವೆ ಸ್ಟೇಷನ್ ಹತ್ತಿರ ಬೋರ್ಡ್ ಹಿಡಿದು ನಿಂತಿದ್ದವನ ಮಾತು ನಂಬಿ ಬಸ್ ಹತ್ತಿದೆವು. ಅವನು ಮೊದಲು ಗೊಂಬೆ ಮಾರುವ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಗಂಟೆ ಕೂರಿಸಿದ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಮೆಟ್ರೋ 9ನೇ ಲೈನ್‌ನಲ್ಲಿ ಹುವಾಚಿಂಗ್‌ಚಿ ಸ್ಟೇಷನ್‌ಗೆ ಹೋಗಿ, ಅಲ್ಲಿಂದ ಸಿಟಿ ಬಸ್ ಹಿಡಿಯಿರಿ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ಟಿಕೆಟ್‌ಗೆ ಬೇಕು.

ಒಂದನೇ ಗುಂಡಿಯಲ್ಲಿ ಸಾಲು ಸಾಲು ಸೈನಿಕರು. ಆದರೆ ಕಟಕಟೆ ಹತ್ತಿರ ನಿಲ್ಲೋಕೆ ಜಾಗವಿಲ್ಲ, ಎಲ್ಲರ ಫೋನೂ ಮೇಲೆ. ನನ್ನ ಮನಸ್ಸು ಹಿಡಿದದ್ದು ಎರಡನೇ ಗುಂಡಿಯ ಕಟ್ಟಡದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಮಂಡಿಯೂರಿ ಕೂತ ಬಿಲ್ಲುಗಾರ. ಅವನ ಹಿಂದೆ ಹೋಗಿ ಬಗ್ಗಿ ನೋಡಿ. ಚಪ್ಪಲಿಯ ಅಟ್ಟೆಯಲ್ಲಿ ಹೊಲಿಗೆಯ ಚುಕ್ಕಿಗಳು ಕಾಣುತ್ತವೆ. ಬೆರಳ ಹತ್ತಿರ ಒತ್ತಾಗಿ, ನಡುವೆ ವಿರಳವಾಗಿ. ಸಮಾಧಿಯಲ್ಲಿ ಹೂಳುವ ಗೊಂಬೆಯ ಅಂಗಾಲನ್ನು ಎರಡು ಸಾವಿರ ವರ್ಷದ ಹಿಂದೆ ಯಾರೋ ಕೂತು ಇಷ್ಟು ಜತನದಿಂದ ಮಾಡಿದ್ದಾರೆ. ಅಲ್ಲಿಂದ ಕಾಲು ಕೀಳೋಕೆ ಮನಸ್ಸೇ ಬರಲಿಲ್ಲ.

ಆದರೂ ಒಂದನ್ನೇ ಆರಿಸು ಅಂದರೆ ನಾನು ಕೋಟೆ ಗೋಡೆಯನ್ನೇ ಆರಿಸುತ್ತೇನೆ. ಟಿಕೆಟ್ 54 ಯುವಾನ್, ಸೈಕಲ್ ಬಾಡಿಗೆ ಬೇರೆ. ಮಿಂಗ್ ರಾಜವಂಶದ ಕಾಲದ ಗೋಡೆ, 12 ಮೀಟರ್ ಎತ್ತರ. ಮೇಲೆ ಎರಡು ಲಾರಿ ಪಕ್ಕಪಕ್ಕ ಹೋಗುವಷ್ಟು ಅಗಲ. ಹಳೇ ಊರಿನ ಸುತ್ತ ಪೂರ್ತಿ 13.74 ಕಿಲೋಮೀಟರ್. ದಕ್ಷಿಣದ ಯೊಂಗ್‌ನಿಂಗ್ ಬಾಗಿಲಲ್ಲಿ ಹತ್ತಿ, ಬಿಸಿಲು ಇಳಿಯುವ ಹೊತ್ತಿಗೆ ಪೆಡಲ್ ತುಳಿದೆವು. ಹಳೇ ಇಟ್ಟಿಗೆ ನೆಲ, ಸೈಕಲ್ ಕಟಕಟ ಅನ್ನುತ್ತದೆ, ಹಲ್ಲೆಲ್ಲ ಅಲುಗುತ್ತದೆ. ಒಂದು ಕಡೆ ಹಳೇ ಊರಿನ ತಗ್ಗು ಮಾಡುಗಳು, ಒಣಹಾಕಿದ ಬಟ್ಟೆ. ಇನ್ನೊಂದು ಕಡೆ ಮುಗಿಲಿಗೆ ಹೋದ ಕಟ್ಟಡಗಳು. ಕತ್ತಲಾಗುತ್ತಿದ್ದಂತೆ ಕೆಂಪು ಲಾಟೀನುಗಳು ಹೊತ್ತಿಕೊಂಡವು. ನೋಡಿ ಬರುವ ಜಾಗಕ್ಕಿಂತ ನಾವೇ ಏನಾದರೂ ಮಾಡುವ ಜಾಗ ನನಗೆ ಜಾಸ್ತಿ ಇಷ್ಟ. ಆಮೇಲೆ ಊಟದಲ್ಲೂ ಇದೇ ಆಯಿತು.

ಊಟಕ್ಕೆ ನಗಾರಿ ಗೋಪುರದ ಹಿಂದಿನ ಹುಯಿ ಮುಸ್ಲಿಮರ ಬೀದಿ ತುಂಬಾ ಹೆಸರುವಾಸಿ. ಮುಖ್ಯ ಬೀದಿ ಬೈಯುವಾನ್‌ಮನ್‌ನಲ್ಲಿ ದೀಪ, ಹೊಗೆ, ಕೂಗಾಟ. ದಾಳಿಂಬೆ ರಸ, ಕಡ್ಡಿಗೆ ಚುಚ್ಚಿದ ಮಾಂಸ. ಒಂದು ಸುತ್ತು ಹಾಕೋಕೆ ಚೆನ್ನಾಗಿದೆ, ಹೊಟ್ಟೆ ತುಂಬಿಸೋಕೆ ಅಲ್ಲ. ಅಲ್ಲಿಂದ ಪಕ್ಕದ ದಾಪಿಯುವಾನ್ ಗಲ್ಲಿಗೆ ತಿರುಗಿ. ಊರವರು ಕೂತು ತಿನ್ನುವುದು ಅಲ್ಲಿ. ನಾವು ಪಾವೋಮೋ ತಗೊಂಡೆವು. ಖಾಲಿ ಬಟ್ಟಲು, ಎರಡು ಗಟ್ಟಿ ರೊಟ್ಟಿ ತಂದಿಟ್ಟು ಹೋದರು. ರೊಟ್ಟಿಯನ್ನು ನಾವೇ ಕೈಯಲ್ಲಿ ಚೂರು ಮಾಡಬೇಕು, ಕಾಳಿನಷ್ಟು ಸಣ್ಣಗೆ. ನಮ್ಮ ಬಟ್ಟಲು ನೋಡಿ ಪಕ್ಕದ ಅಜ್ಜಿ ತಲೆ ಅಲ್ಲಾಡಿಸಿ, ಎರಡು ಬೆರಳು ಒತ್ತಿ ತೋರಿಸಿದರು. "ಇನ್ನೂ ಸಣ್ಣಗೆ ಮಾಡ್ಬೇಕಂತೆ ಕಣೇ" ಅಂದಳು ಗೆಳತಿ. ಅರ್ಧ ಗಂಟೆ ಚೂರು ಮಾಡಿದೆವು. ಅದನ್ನು ಒಳಗೆ ಒಯ್ದು ಕುರಿ ಮಾಂಸದ ಸಾರಿನಲ್ಲಿ ಕುದಿಸಿ ತಂದರು, ಜೊತೆಗೆ ಸಿಹಿ ಬೆಳ್ಳುಳ್ಳಿ. ಬಾಗಲಕೋಟೆಯಲ್ಲಿ ಕಟಕ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿಂದು ಬೆಳೆದವಳು ನಾನು. ಮೊದಲ ಚಮಚಕ್ಕೇ ಮನೆ ನೆನಪಾಯಿತು. ಮಾಂಸ ತಿನ್ನದವರಿಗೆ ಖಾರದೆಣ್ಣೆ, ವಿನೆಗರ್ ಹಾಕಿದ ತಣ್ಣನೆಯ ಲಿಯಾಂಗ್‌ಪಿ ನೂಡಲ್ಸ್ ಇದೆ.

ಭಾನುವಾರ ದೊಡ್ಡ ಕಾಡು ಹೆಬ್ಬಾತು ಪಗೋಡ ಅನ್ನುವ ಬೌದ್ಧ ಗೋಪುರ, ಅದರ ದಕ್ಷಿಣಕ್ಕಿರುವ ಥಾಂಗ್ ರಾಜವಂಶದ ಕಾಲದ ಮಾದರಿಯ ದೀಪದ ಬೀದಿ. ಬೀದಿಗೆ ಟಿಕೆಟ್ ಇಲ್ಲ. ಹುಡುಗಿಯರು ಹಳೇ ಕಾಲದ ಉಡುಪು ಬಾಡಿಗೆಗೆ ತಗೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋಗೆ ಇದಕ್ಕಿಂತ ಒಳ್ಳೆ ಜಾಗ ಶಿಯಾನ್‌ನಲ್ಲಿ ನನಗೆ ಸಿಗಲಿಲ್ಲ. ಆದರೆ ಎಲ್ಲವೂ ಹೊಸದು. ಪಗೋಡ ಮಾತ್ರ ಹಳೆಯದು, ಮೊದಲು ಎದ್ದದ್ದು 652ರಲ್ಲಿ, ಹ್ಯೂಯೆನ್ ತ್ಸಾಂಗ್ ಭಾರತದಿಂದ ತಂದ ಗ್ರಂಥಗಳನ್ನು ಇಡೋಕೆ ಕಟ್ಟಿಸಿದ್ದು. ಇಮ್ಮಡಿ ಪುಲಕೇಶಿಯ ನಾಡನ್ನು ನೋಡಿ, ಹರ್ಷನಿಗೂ ಈ ನಾಡಿನವರನ್ನು ಬಗ್ಗಿಸೋಕೆ ಆಗಲಿಲ್ಲ ಅಂತ ಬರೆದಿಟ್ಟವರು ಇವರೇ. ಬಾದಾಮಿ ನಮ್ಮೂರಿಂದ ಒಂದು ಗಂಟೆ ದಾರಿ. ಪಗೋಡದ ಮುಂದಿನ ಚೌಕದಲ್ಲಿರುವ ಹ್ಯೂಯೆನ್ ತ್ಸಾಂಗ್ ಪ್ರತಿಮೆ ಮುಂದೆ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಸುಮ್ನೆ ಕೈ ಮುಗಿದರು. ದೀಪದ ಬೀದಿಗೆ ಒಂದು ಗಂಟೆ ಸಾಕು, ಪಗೋಡಕ್ಕೆ ಮಧ್ಯಾಹ್ನವೆಲ್ಲ ಕೊಡಿ.

ರಾತ್ರಿಗೆ ಎರಡು ದಾರಿ. ದಕ್ಷಿಣ ಬಾಗಿಲ ಹತ್ತಿರದ ದಫೂ ಗಲ್ಲಿಯಲ್ಲಿ ಬಾರ್, ಕಾಫಿ, ಗಿಟಾರ್ ಹಾಡು. ಶನಿವಾರ ರಾತ್ರಿ ಅಲ್ಲಿ ಕೂತಿದ್ದೆವು, ಹಿತವಾಗಿತ್ತು. ಇಂಥ ಗಲ್ಲಿ ಬೇರೆ ಊರಲ್ಲೂ ಸಿಗುತ್ತದೆ. ಎರಡನೇ ದಾರಿ ಯೊಂಗ್‌ಶಿಂಗ್‌ಫಾಂಗ್ ಅನ್ನುವ ತಿಂಡಿ ಬೀದಿ. ಅಲ್ಲಿ ಮಣ್ಣಿನ ಬಟ್ಟಲಲ್ಲಿ ಅಕ್ಕಿ ಮದ್ಯ ಕೊಡುತ್ತಾರೆ. ಕುಡಿದ ಮೇಲೆ ಬಟ್ಟಲನ್ನು ಕೆಳಗೆ ಎಸೆದು ಒಡೆಯಬೇಕು. ಮದ್ಯ ತೆಳ್ಳಗೆ, ಸಿಹಿ. ಮುಂದೆ ಚೂರುಗಳ ಗುಡ್ಡೆಯೇ ಬಿದ್ದಿತ್ತು. ಗೆಳತಿ ಅಂಜಿಕೊಂಡು ಮೆಲ್ಲಗೆ ಎಸೆದಳು, ಅವಳ ಬಟ್ಟಲು ಒಡೆಯಲಿಲ್ಲ. ಸಾಲಿನಲ್ಲಿದ್ದವರೆಲ್ಲ ಹೋ ಅಂದರು. ಅಂಗಡಿಯವರು ಅವಳ ಕೈಗೆ ಇನ್ನೊಂದು ಬಟ್ಟಲು ಕೊಟ್ಟರು.