ಕಾರವಾರ–ಕುಮಟಾ ಟ್ರೇನು: ಕಾರು ಮನೆಲೇ ಬಿಟ್ಟು ಹೋದೆ

ಕುಮಟಾಕ್ಕೆ ಮದುವೆಗೆ ಹೋಗೋದಿತ್ತು, ಯಾವಾಗ್ಲೂ ಕಾರೇ, ಈ ಸಲ ಪೆಟ್ರೋಲ್ ರೇಟ್ ನೋಡಿ ಟ್ರೇನ್ ಹತ್ತಿದೆ. ಗಂಗಾವಳಿ ಸೇತುವೆ ಮೇಲೆ ಹೋಗುವಾಗ ಕಿಟಕಿ ಸೀಟ್ ಸಿಕ್ಕಿದ್ರೆ ಬೇರೇನೂ ಬೇಡ ಮಾರಾಯ್ರೆ! ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ರದ ತೋಕೂರುವರೆಗೆ ಕೊಂಕಣ ರೈಲ್ವೆ ಲೈನ್ 2022ರಲ್ಲೇ ಪೂರ್ತಿ ಕರೆಂಟ್ ಆಯ್ತಲ್ಲ, ಡೀಸೆಲ್ ಖರ್ಚು ಅಷ್ಟು ಕಮ್ಮಿ. ಕರೆಂಟೂ ಕಲ್ಲಿದ್ದಲಿಂದ್ಲೇ ಬರೋದು ಅಂತ ನಮ್ಮ ಭಾವ ವಾದ ಹಾಕ್ತಾರೆ, ಸ್ವಲ್ಪ ನಿಜಾನೇ, ಆದ್ರೆ ಕಲ್ಲಿದ್ದಲು ಸುಡದೆ ಕರೆಂಟ್ ಮಾಡೋ ಕಾಳಿ ಡ್ಯಾಮು, ಕೈಗಾ ಅಣು ಸ್ಥಾವರ ಇಲ್ಲೇ ಇದೆ, ಮತ್ತೆ ಒಬ್ಬೊಬ್ರೇ ಒಂದೊಂದು ಕಾರ್ ತಗೊಂಡು ಹೋಗೋದಕ್ಕಿಂತ ನೂರಾರು ಜನ ಒಟ್ಟಿಗೆ ಹೋದ್ರೆ ಒಬ್ರ ಪಾಲಿನ ಹೊಗೆ ಕಮ್ಮಿನೇ ಅಲ್ವಾ. ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಅಂದ್ರೆ ಕಾರವಾರ ಸ್ಟೇಷನ್ ಇರೋದು ಪೇಟೆಯಿಂದ ಹೊರಗೆ ಶಿರವಾಡದಲ್ಲಿ, ವಾಪಸ್ ಬಂದಾಗ ಪೇಟೆಗೆ ಬರೋಕೆ ಕೊಟ್ಟ ರಿಕ್ಷಾ ಬಾಡಿಗೆ ಟ್ರೇನ್ ಟಿಕೆಟ್‌ಗಿಂತ ಜಾಸ್ತಿ ಆಯ್ತು.